ಒಂದು ಪಾತ್ರೆಯಲ್ಲಿ ಸಾರೂ ಪಲ್ಯವೂ: ಕಡಿಮೆ ಖರ್ಚಿನ ರಾತ್ರಿ ಊಟ



2023ರ ಆರಂಭದಲ್ಲಿ ನಮ್ಮ ಯಜಮಾನರ ಕೆಲಸ ಹೋಯಿತು. ಅಮೆರಿಕದಲ್ಲಿ ಹೆಚ್-1ಬಿ ವೀಸಾದ ಮೇಲೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನನಗೆ ಇಲ್ಲಿ ಕೆಲಸ ಮಾಡುವ ಅನುಮತಿ ಇರಲಿಲ್ಲ. ಬಾಡಿಗೆ, ಕಾರಿನ ಕಂತು ಯಾವುದೂ ಇಳಿಯುವಂಥದ್ದಲ್ಲ. ನನ್ನ ಕೈಯಲ್ಲಿ ಇದ್ದದ್ದು ಗ್ರಾಸರಿ ಖರ್ಚು ಮಾತ್ರ.

ಮೊದಲ ರಾತ್ರಿ ಹಳೆಯ ರಸೀದಿಗಳನ್ನೆಲ್ಲ ಟೇಬಲ್ ಮೇಲೆ ಹರಡಿಕೊಂಡು ಕುಳಿತೆ. ಅಕ್ಕಿ, ಬೇಳೆಗೇ ದುಡ್ಡು ಹೋಗುತ್ತಿದೆ ಎಂದುಕೊಂಡಿದ್ದೆ. ಅದು ತಪ್ಪು. 20 ಪೌಂಡಿನ ಸೋನಾ ಮಸೂರಿ ಚೀಲ ಎಂದರೆ ಸುಮಾರು 9 ಕೆಜಿ. ನಾಲ್ಕು ಜನರ ರಾತ್ರಿ ಊಟಕ್ಕೆ ಒಂದೂವರೆ ಕಪ್, ಅಂದರೆ ಸುಮಾರು 300 ಗ್ರಾಂ, ಹಾಕಿದರೆ 30 ದಿನ ಬರುತ್ತದೆ. 4 ಪೌಂಡ್ ತೊಗರಿಬೇಳೆಯಲ್ಲಿ ಒಂಬತ್ತು ಕಪ್ ಇರುತ್ತದೆ. ದಿನಕ್ಕೆ ಮುಕ್ಕಾಲು ಕಪ್ ಹಾಕಿದರೆ 12 ಊಟ. ನಿಮ್ಮೂರಿನ ಬೆಲೆಯನ್ನು 30ರಿಂದ, 12ರಿಂದ ಭಾಗಿಸಿ ನೋಡಿ, ನಿಮಗೇ ಆಶ್ಚರ್ಯವಾಗುತ್ತದೆ.

ದುಡ್ಡು ಸೋರುತ್ತಿದ್ದದ್ದು ಎರಡು ಕಡೆ. ಒಂದು, ಸುಸ್ತಾದ ಸಂಜೆಗಳಲ್ಲಿ ತರಿಸುತ್ತಿದ್ದ ಪಿಜ್ಜಾ. ಇನ್ನೊಂದು, ಆಸೆಯಿಂದ ಇಂಡಿಯನ್ ಸ್ಟೋರ್‌ನಲ್ಲಿ ಕೊಂಡು, ಫ್ರಿಜ್ಜಿನಲ್ಲಿ ಬಾಡಿಸಿ ಎಸೆಯುತ್ತಿದ್ದ ತೊಂಡೆಕಾಯಿ, ನುಗ್ಗೆಕಾಯಿ. ದೂರದಿಂದ ಬರುವ ತರಕಾರಿಗೆ ಬೆಲೆಯೂ ಹೆಚ್ಚು, ಬಾಳಿಕೆಯೂ ಕಡಿಮೆ. ಹಾಗಾಗಿ ಮಾಮೂಲಿ ಸೂಪರ್‌ಮಾರ್ಕೆಟ್‌ನಲ್ಲೇ ನಮ್ಮ ಅಡುಗೆಗೆ ಏನು ಹೊಂದುತ್ತದೆ ಎಂದು ಹುಡುಕತೊಡಗಿದೆ. ಎಲೆಕೋಸು, ಮೂಲಂಗಿ ಹೇಗೂ ಇವೆ. ಇಲ್ಲಿನ ಜುಕಿನಿ ಸೋರೆಕಾಯಿಯ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಬೇಗ ಬೇಯುವುದರಿಂದ ಕೊನೆಗೆ ಹಾಕಿ. ಕೊಹ್ಲ್‌ರಾಬಿ ಎಂದು ಮಾರುವುದು ನಮ್ಮ ನವಿಲುಕೋಸೇ. ಅದರ ಸೊಪ್ಪನ್ನು ಎಸೆಯಬೇಡಿ. ಮೆಕ್ಸಿಕನ್ ಅಂಗಡಿಯಲ್ಲಿ ಸಿಗುವ ಚಾಯೋಟೆ ಎಂದರೆ ಸೀಮೆಬದನೆಕಾಯಿ. ಅದರ ಮೂಲ ಊರೇ ಆ ಕಡೆ, ನಮ್ಮ ಅಡುಗೆಮನೆಗೆ ಬಂದದ್ದು ಆಮೇಲೆ!

ಪಿಜ್ಜಾಕ್ಕೆ ಉತ್ತರ ಕೊಟ್ಟವರು ಮಂಡ್ಯದಲ್ಲಿರುವ ನಮ್ಮ ಅತ್ತೆ. ಫೋನಿನಲ್ಲಿ ನನ್ನ ಲೆಕ್ಕಾಚಾರವನ್ನೆಲ್ಲ ಕೇಳಿ, "ಬಸ್ಸಾರು ಮಾಡಮ್ಮ. ಒಂದೇ ಸಲಕ್ಕೆ ಸಾರೂ ಆಯ್ತು, ಪಲ್ಯಾನೂ ಆಯ್ತು" ಎಂದರು.

ನಾಲ್ಕು ಜನಕ್ಕೆ ಒಂದು ಕಪ್ ಅಲಸಂದೆ ಕಾಳನ್ನು ಬೆಳಿಗ್ಗೆಯೇ ನೆನೆಹಾಕಿ. ಇಲ್ಲಿ ಇದು ಬ್ಲ್ಯಾಕ್ ಐಡ್ ಪೀಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಸಂಜೆ ಐದಾರು ಕಪ್ ನೀರಿನಲ್ಲಿ ಕುಕ್ಕರಿಗಿಟ್ಟು ಎರಡು ಸೀಟಿ ಕೂಗಿಸಿ. ಮುಚ್ಚಳ ತೆಗೆದು, ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಬೇಯಿಸಿ. ಪಾಲಕ್ ಆದರೆ ಐದು ನಿಮಿಷ ಸಾಕು, ಕೇಲ್ ಅಥವಾ ಕೊಲಾರ್ಡ್ ಆದರೆ ಇನ್ನೂ ಹತ್ತು ನಿಮಿಷ ಬೇಕು. ನಂತರ ಬಸಿಯಿರಿ. ಬಸಿದ ಕಟ್ಟು ಸಾರಿಗೆ, ಉಳಿದ ಕಾಳು-ಸೊಪ್ಪು ಪಲ್ಯಕ್ಕೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಸ್ವಲ್ಪ ತೆಂಗಿನತುರಿ, ಸಾರಿನ ಪುಡಿ, ಹುಣಸೆಹಣ್ಣು, ಜೊತೆಗೆ ಒಂದು ಸೌಟು ಬೆಂದ ಕಾಳು-ಸೊಪ್ಪು, ಇಷ್ಟನ್ನೂ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ. ಆ ಒಂದು ಸೌಟನ್ನು ಮರೆತರೆ ಸಾರು ನೀರುನೀರಾಗುತ್ತದೆ (ಮೊದಲ ಸಲ ನನಗೆ ಹಾಗೇ ಆಯಿತು). ಪಲ್ಯಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಸಾಕು. ಮುದ್ದೆಯಾದರೆ ಸರಿಯೇ ಸರಿ, ಮಕ್ಕಳಿಗೆ ಅನ್ನ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಹೊಸ ವರ್ಷದ ದಿನ ಇದೇ ಅಲಸಂದೆ, ಕೊಲಾರ್ಡ್ ಸೊಪ್ಪು ತಿನ್ನುವ ರೂಢಿಯಿದೆ. ಸೊಪ್ಪು ಬೇಯಿಸಿದ ನೀರನ್ನು ಅವರೂ ಚೆಲ್ಲುವುದಿಲ್ಲ. ಪಾಟ್ ಲಿಕ್ಕರ್ ಎಂದು ಕರೆದು ರೊಟ್ಟಿ ಅದ್ದಿಕೊಂಡು ತಿನ್ನುತ್ತಾರೆ. ಮಗನ ಶಾಲೆಯ ಗೆಳೆಯನ ತಾಯಿಗೆ ನಮ್ಮ ಬಸ್ಸಾರು ಬಡಿಸಿದಾಗ ಏನೂ ವಿವರಿಸಬೇಕಾಗಲಿಲ್ಲ.

ಉಳಿದ ಅನ್ನ ಮರುದಿನಕ್ಕೆ ಚಿತ್ರಾನ್ನ. ಆದರೆ ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ. ಬೆಂದ ಅನ್ನ ಬೆಚ್ಚಗೆ ಕುಳಿತರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ.

ಐವತ್ತೆರಡನೇ ದಿನ ಯಜಮಾನರಿಗೆ ಕೆಲಸ ಸಿಕ್ಕಿತು. ಅದೇ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಇಲ್ಲಿನ ಅಂಗಡಿಗಳಲ್ಲಿ ನೂಕುನುಗ್ಗಲು. ನಾನು 30 ದಿನದ ಲೆಕ್ಕ ಹಿಡಿದು ಒಂದೇ ಚೀಲ ತಂದೆ. ನಿಷೇಧ 2024ರ ಸೆಪ್ಟೆಂಬರಿನಲ್ಲಿ ತೆರವಾಯಿತು. ಎಂಟು ಚೀಲ ಕೂಡಿಟ್ಟಿದ್ದ ನಮ್ಮ ಗೆಳತಿ ಅಷ್ಟು ಹೊತ್ತಿಗೆ ಹುಳ ಆರಿಸಿ ಆರಿಸಿ ಸುಸ್ತಾಗಿದ್ದಳು.