ಹಂದಿಗೆ ಕೂಗುವ ಬೇಲಿ ಕೂಸಿಗೂ ಕೂಗಲಿ

ಮೆಕ್ಕೆಜೋಳ ತೆನೆಗಟ್ಟುವ ಕಾಲಕ್ಕೆ ದಾವಣಗೆರೆ ಜಿಲ್ಲೆಯ ಮಾಯಕೊಂಡದಂಥ ಮಳೆಯಾಶ್ರಿತ ಸೀಮೆಯ ರೈತನಿಗೆ ರಾತ್ರಿ ನಿದ್ದೆಯಿಲ್ಲ. ಹಂದಿ ಹಿಂಡು ಒಂದು ಸಲ ನುಗ್ಗಿತೆಂದರೆ ಮೂರು ತಿಂಗಳ ದುಡಿಮೆ ಬೆಳಗಾಗುವುದರೊಳಗೆ ನೆಲಕಚ್ಚುತ್ತದೆ. ಅದಕ್ಕೇ ಈಚಿನ ವರ್ಷಗಳಲ್ಲಿ ಹೊಲಗಳಿಗೆ ಸೋಲಾರ್ ಝಟಕಾ ಬೇಲಿ ಬಂದಿದೆ. ತಂತಿ ಮುಟ್ಟಿದ ಪ್ರಾಣಿಗೆ ಒಂದು ಹೊಡೆತ ಬೀಳುತ್ತದೆ. ತಂತಿ ಹರಿದರೆ ಮೂಲೆಯ ಡಬ್ಬಿಯಿಂದ ಸೈರನ್ ಕೂಗುತ್ತದೆ. ಆ ಕೂಗಿಗೆ ಅಕ್ಕಪಕ್ಕದ ಹೊಲದವರೂ ಟಾರ್ಚ್ ಹಿಡಿದು ಏಳುತ್ತಾರೆ.

ಅಂಥದೇ ಹೊಲದ ತಗ್ಗಿನಲ್ಲಿ ಕೃಷಿ ಹೊಂಡವೂ ಇರುತ್ತದೆ. ಕರಿ ಹಾಳೆ ಹಾಸಿದ, ಮಳೆನೀರು ತುಂಬಿ ನಿಂತ ಹೊಂಡ. ಅದರ ಅಂಚಿಗೆ ಮೂರು ವರ್ಷದ ಮಗು ನಡೆದುಹೋದರೆ ಮಾತ್ರ ಎಲ್ಲಿಯೂ ಏನೂ ಕೂಗುವುದಿಲ್ಲ. ಬೆಳೆಗೆ ಇಟ್ಟ ಕಾವಲನ್ನು ಮಗುವಿಗೂ ಇಡಬೇಕು, ಇಡಲು ಬೇಕಾದ ಸಾಮಾನೆಲ್ಲ ನಮ್ಮ ಕೈಯಲ್ಲೇ ಇದೆ ಎಂಬುದೇ ಈ ಬರಹದ ಒತ್ತಾಯ.

ನಮ್ಮ ಸೀಮೆಯ ಈಜುಕೊಳ

ಈಜುಕೊಳಕ್ಕೆ ಯಾರಾದರೂ ಹೇಳದೆ ಕೇಳದೆ ಇಳಿದರೆ ಎಚ್ಚರಿಸುವ ಅಲಾರಾಂ ಎಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ನವರ ಮಾತು, ನಮಗೇನು ಸಂಬಂಧ ಎನಿಸುವುದು ಸಹಜ. ಆದರೆ ಮನೆಯ ಹತ್ತಿರವೇ ಆಳವಾದ ನೀರು ಕಟ್ಟಿಟ್ಟುಕೊಂಡವರು ಬೆಂಗಳೂರಿನವರಿಗಿಂತ ನಮ್ಮ ಹಳ್ಳಿಗಳಲ್ಲೇ ಹೆಚ್ಚು. ಹೊಂಡ ತೋಡಲು ರೈತರಿಗೆ ಸಹಾಯಧನ ಕೊಡುವ, 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಬಯಲುಸೀಮೆಯ ಚಿತ್ರವನ್ನೇ ಬದಲಿಸಿತು. ಮಳೆ ಕೈಕೊಟ್ಟಾಗ ಒಂದೆರಡು ಸಲವಾದರೂ ನೀರು ಹಾಯಿಸಿ ಬೆಳೆ ಉಳಿಸಿಕೊಳ್ಳಲು ಹೊಂಡ ನೆರವಾಯಿತು. ನಡುವೆ ಸೊರಗಿದ್ದ ಯೋಜನೆಗೆ 2023-24ರಲ್ಲಿ ಮತ್ತೆ ಜೀವ ಬಂತು. ಹೊಂಡ ಒಳ್ಳೆಯದೇ. ಅದನ್ನು ಬೇಡವೆನ್ನುವ ಮಾತೇ ಇಲ್ಲ.

ಆದರೆ ಅದರ ಅಳತೆಯನ್ನೊಮ್ಮೆ ನೋಡಿ. 10 ಮೀಟರ್ ಉದ್ದಗಲದ ಚಿಕ್ಕ ಹೊಂಡದಿಂದ 21 ಮೀಟರ್ ಉದ್ದಗಲದ ದೊಡ್ಡದರವರೆಗೆ ಎಲ್ಲಕ್ಕೂ ಆಳ 3 ಮೀಟರ್. ಹತ್ತಿರ ಹತ್ತಿರ ಹತ್ತು ಅಡಿ. ನಾಲ್ಕೂ ಬದಿ ಇಳಿಜಾರು, ಇಳಿಜಾರಿನ ಮೇಲೆ ನುಣುಪಾದ ಹಾಳೆ, ಕೆಲವೇ ತಿಂಗಳಲ್ಲಿ ಹಾಳೆಯ ಮೇಲೆ ಪಾಚಿ. ಬಾವಿಗಾದರೆ ಕಲ್ಲಿನ ಸಂದಿ ಇರುತ್ತದೆ, ಮೆಟ್ಟಿಲಿರುತ್ತದೆ. ಕೆರೆಗೆ ಮಣ್ಣಿನ ದಡವಿದೆ. ಹೊಂಡಕ್ಕೆ ಬಿದ್ದವನಿಗೆ ಕಾಲೂರಲು ನೆಲವಿಲ್ಲ, ಕೈಗೆ ಹಿಡಿತವಿಲ್ಲ. ಈಜು ಬಲ್ಲ ದೊಡ್ಡವರೂ ದಡ ಹತ್ತಲಾರದೆ ಸೋಲುವುದು ಇದರಿಂದಲೇ. ಬಿದ್ದ ಮಗುವನ್ನು ಎತ್ತಲು ಹೋದ ಅಕ್ಕ, ಅಕ್ಕನನ್ನು ಎಳೆಯಲು ಹೋದ ಅಮ್ಮ, ಹೀಗೆ ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಹೋದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ?

ದೇಶದಲ್ಲಿ ವರ್ಷಕ್ಕೆ ಸುಮಾರು 38,000 ಮಂದಿ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಜಗತ್ತಿನಲ್ಲಿ 2023ರಲ್ಲಿ ಹೀಗೆ ಸತ್ತವರು ಸುಮಾರು ಮೂರು ಲಕ್ಷ, ಅವರಲ್ಲಿ ಕಾಲುಭಾಗದಷ್ಟು ಐದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಸದ್ದು ಮಾಡದ ಸಾವು

ಮುಳುಗುವವರು ಕೈ ಬಡಿಯುತ್ತಾರೆ, ‘ಕಾಪಾಡಿ’ ಎಂದು ಕೂಗುತ್ತಾರೆ ಎಂಬುದು ಸಿನಿಮಾದಿಂದ ಬಂದ ನಂಬಿಕೆ. ನಿಜದಲ್ಲಿ ಉಸಿರಿಗೇ ಅವಕಾಶವಿಲ್ಲದವರಿಗೆ ಕೂಗು ಎಲ್ಲಿಂದ ಬರಬೇಕು? ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಡುತ್ತದೆ, ಕೈಗಳು ತಾವಾಗಿ ನೀರನ್ನು ಅದುಮುತ್ತವೆ. ಚಿಕ್ಕ ಮಗುವಾದರೆ ಒಂದು ನಿಮಿಷವೂ ಹಿಡಿಯದು. ಉಸಿರು ನಿಂತ ನಾಲ್ಕಾರು ನಿಮಿಷಕ್ಕೆ ಮಿದುಳು ಕೆಡಲು ಶುರುವಾಗುತ್ತದೆ. ತಾಯಿ ಕಳೆ ತೆಗೆಯುತ್ತ ಒಂದು ಸಾಲು ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿರಬಹುದು.

2024ರ ನವೆಂಬರ್‌ನಲ್ಲಿ ಮಂಗಳೂರಿನ ಹತ್ತಿರ ಉಳ್ಳಾಲದ ಸೋಮೇಶ್ವರದಲ್ಲಿ ಒಂದು ರೆಸಾರ್ಟ್‌ನ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಒಬ್ಬರನ್ನು ಉಳಿಸಲು ಹೋಗಿ ಮತ್ತೊಬ್ಬರು. ಅಲ್ಲಿ ಸಿಸಿಟಿವಿ ಕ್ಯಾಮೆರಾ ಇತ್ತು, ನಡೆದದ್ದೆಲ್ಲ ಅದರಲ್ಲಿ ದಾಖಲಾಗಿತ್ತು. ಜೀವರಕ್ಷಕ ಇರಲಿಲ್ಲ. ದಾಖಲಿಸುವ ಕಣ್ಣು ಬೇರೆ, ಎಚ್ಚರಿಸುವ ಗಂಟೆ ಬೇರೆ ಎಂಬುದನ್ನು ಇದಕ್ಕಿಂತ ನೋವಾಗಿ ಹೇಳುವ ಘಟನೆ ಮತ್ತೊಂದಿಲ್ಲ.

ಕೂಗುವ ಯಂತ್ರಗಳು

ಎಚ್ಚರಿಸುವ ಯಂತ್ರಗಳಲ್ಲಿ ಮೂರು ಬಗೆ. ಮೊದಲನೆಯದು ಬಾಗಿಲಲ್ಲಿ ಕೂರುತ್ತದೆ. ಗೇಟಿನ ಕಂಬಕ್ಕೆ ಒಂದು ಸ್ವಿಚ್, ಗೇಟಿಗೆ ಒಂದು ಅಯಸ್ಕಾಂತ. ಗೇಟು ತೆರೆದು ಅವೆರಡೂ ದೂರವಾದ ಕೂಡಲೇ ಗಂಟೆ ಬಾರಿಸುತ್ತದೆ. ಎರಡನೆಯದು ನೀರಿನಲ್ಲಿರುತ್ತದೆ. ಏನಾದರೂ ಬಿದ್ದರೆ ಏಳುವ ಅಲೆಯನ್ನೋ ನೀರೊಳಗಿನ ಒತ್ತಡದ ಬದಲಾವಣೆಯನ್ನೋ ಅದು ಗುರುತಿಸುತ್ತದೆ. ಮೂರನೆಯದನ್ನು ಮಗುವಿನ ಕೈಗೆ ಕಟ್ಟುತ್ತಾರೆ, ನೀರು ತಾಗಿದರೆ ಮನೆಯೊಳಗಿನ ಪೆಟ್ಟಿಗೆ ಕೂಗುತ್ತದೆ. 2000ದಲ್ಲಿ ಅಮೆರಿಕದ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗ ಇಂಥವನ್ನು ಪರೀಕ್ಷಿಸಿದಾಗ, ನೀರಿನ ಮೇಲೆ ತೇಲುವವಕ್ಕಿಂತ ಒಳಗೆ ಇಳಿಬಿಟ್ಟವೇ ಹೆಚ್ಚು ನಂಬಿಕೆಗೆ ಅರ್ಹವೆಂದು ಕಂಡುಬಂತು. ಗಾಳಿಗೂ ಮಳೆಹನಿಗೂ ಸುಮ್ಮಸುಮ್ಮನೆ ಕೂಗುವ ಗಂಟೆಯನ್ನು ಜನ ಬೇಸತ್ತು ಆರಿಸಿಬಿಡುತ್ತಾರೆ. ಆರಿಸಿದ ಗಂಟೆ ಇದ್ದೂ ಇಲ್ಲದಂತೆ.

ಫ್ರಾನ್ಸ್ 2003ರ ಜನವರಿಯಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ನೆಲ ಅಗೆದು ಕಟ್ಟಿದ ಖಾಸಗಿ ಈಜುಕೊಳಕ್ಕೆ ಬೇಲಿ, ಮುಚ್ಚಳ, ಮಾಡು ಇಲ್ಲವೇ ಅಲಾರಾಂ, ಈ ನಾಲ್ಕರಲ್ಲಿ ಒಂದಾದರೂ ಇರಲೇಬೇಕು. ಈ ನಾಲ್ಕೂ ಒಂದೇ ತೂಕದವಲ್ಲ. ಅಲಾರಾಂ ಕೂಗುವ ಹೊತ್ತಿಗೆ ಮಗು ಆಗಲೇ ನೀರಿನಲ್ಲಿರಬಹುದು, ಬೇಲಿಯಾದರೆ ನೀರಿನವರೆಗೆ ಬಿಡುವುದೇ ಇಲ್ಲ. ಅದಕ್ಕೇ ತಜ್ಞರೆಲ್ಲ ಮೊದಲು ಹೇಳುವುದು ಬೇಲಿಯನ್ನು. ಅದು ನಾಲ್ಕೂ ಕಡೆ ಇರಬೇಕು, ಕನಿಷ್ಠ ನಾಲ್ಕು ಅಡಿ ಎತ್ತರವಿರಬೇಕು, ಗೇಟು ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕ ಮಗುವಿನ ಕೈಗೆ ಎಟುಕಬಾರದು.

ನಮ್ಮ ಹೊಲಕ್ಕೆ ಏನು ಹೊಂದುತ್ತದೆ?

ಕೃಷಿ ಭಾಗ್ಯದಲ್ಲಿ ಹೊಂಡದ ಸುತ್ತಲಿನ ತಂತಿಬೇಲಿಗೂ ಸಹಾಯಧನವಿದೆ. ಆದರೆ ಎರಡೆಳೆ ತಂತಿ ಎಳೆದು ಒಂದು ಬದಿ ಪೈಪು ಹಾಯಿಸಲೆಂದು ತೆರೆದಿಟ್ಟರೆ ಅದು ಬೇಲಿಯಾಗುವುದಿಲ್ಲ. ಎಮ್ಮೆಯನ್ನು ತಡೆಯುವ ತಂತಿ ಮಗುವನ್ನು ತಡೆಯದು, ಮಗು ಬಗ್ಗಿ ನುಸುಳುತ್ತದೆ. ಹೊಂಡಕ್ಕೆ ಬೇಕಾದದ್ದು ನೆಲಕ್ಕೆ ಹತ್ತಿದ ಜಾಲರಿ ಬೇಲಿ ಮತ್ತು ಚಿಲಕವಿರುವ ಗೇಟು. ಝಟಕಾ ತಂತಿಯನ್ನು ಮಾತ್ರ ಹೊಂಡದ ಹತ್ತಿರ ತರಲೇಬಾರದು. ಮಕ್ಕಳು ಸುಳಿದಾಡುವ, ನೀರು ನಿಂತ ಜಾಗಕ್ಕೆ ಅದು ಸಲ್ಲದು. ಆ ಬೇಲಿಯಿಂದ ನಾವು ಎರವಲು ತರಬೇಕಾದದ್ದು ಸೈರನ್ ಒಂದನ್ನೇ. ಗೇಟಿಗೆ ಅಯಸ್ಕಾಂತದ ಸ್ವಿಚ್, ಬ್ಯಾಟರಿ, ಚಿಕ್ಕ ಸೋಲಾರ್ ಫಲಕ, ಒಂದು ಸೈರನ್. ಊರಿನ ಎಲೆಕ್ಟ್ರಿಷಿಯನ್‌ಗೆ ಇದು ಹೊಸ ವಿದ್ಯೆಯಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ ರೈತನಿಗೆ ಕರೆಂಟು ಬಂದದ್ದು, ಮೋಟಾರು ನಿಂತದ್ದು ಫೋನಿಗೇ ತಿಳಿಯುತ್ತದೆ. ಸಿಮ್ ಹಾಕಿದ ಅಂಥದೇ ಪೆಟ್ಟಿಗೆಗೆ ಗೇಟಿನ ಸುದ್ದಿಯನ್ನೂ ಹೇಳಲು ಕಲಿಸಬಹುದು.

ಆದರೆ ಕೂಗಿಗೆ ಕಿವಿ ಬೇಕು. ಹೊಲದ ಮನೆಯಿಂದ ಓಡಿ ಒಂದೆರಡು ನಿಮಿಷದಲ್ಲಿ ತಲುಪುವಷ್ಟು ಹತ್ತಿರ ಯಾರಾದರೂ ಇದ್ದರಷ್ಟೇ ಸೈರನ್‌ಗೆ ಬೆಲೆ. ಎಲ್ಲರೂ ಕೂಲಿಗೆ ಹೋದ ಮಧ್ಯಾಹ್ನ ಅದು ಯಾರಿಗಾಗಿ ಕೂಗಬೇಕು? ಈ ಪ್ರಶ್ನೆಗೆ ಬಾಂಗ್ಲಾದೇಶ ಒಂದು ಉತ್ತರ ಕಂಡುಕೊಂಡಿತು. ಮನೆಯ ಬದಿಯಲ್ಲೇ ಹೊಂಡಗಳಿರುವ ಆ ದೇಶದ ಹಳ್ಳಿಗಳಲ್ಲಿ ಎಳೆಯ ಮಕ್ಕಳು ಹೆಚ್ಚಾಗಿ ಮುಳುಗುತ್ತಿದ್ದುದು ತಾಯಂದಿರು ಕೆಲಸದಲ್ಲಿ ಮುಳುಗಿದ ಬೆಳಗಿನ ಹೊತ್ತಿನಲ್ಲಿ. ಆ ಹೊತ್ತಿಗೆ ಸರಿಯಾಗಿ ‘ಆಂಚಲ್’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದರು, ಸಾವು ಗಣನೀಯವಾಗಿ ಇಳಿಯಿತು. ನಮ್ಮಲ್ಲಿ ಅಂಗನವಾಡಿ ಇದೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು 2023-24ರಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಇದೆ. ಅವನ್ನು ಬರೀ ಊಟ, ಆಟದ ಜಾಗವೆಂದು ನೋಡದೆ ಜೀವ ಕಾಯುವ ಕಾವಲೆಂದೂ ನೋಡಬೇಕು. ಕಳೆ, ಕಟಾವಿನ ದಿನಗಳಲ್ಲಿ ಅವು ಹೆಚ್ಚು ಹೊತ್ತು ತೆರೆದಿದ್ದರೆ ಅದಕ್ಕಿಂತ ದೊಡ್ಡ ಅಲಾರಾಂ ಬೇರೆ ಬೇಕಿಲ್ಲ.

ಕೂಗು ಕೇಳಿ ಓಡಿದ ಮೇಲೆ

ಓಡಿ ಬಂದವರು ನೀರಿಗೆ ಹಾರಬಾರದು. ಅದಕ್ಕೇ ಹೊಂಡದ ನಾಲ್ಕೂ ಬದಿಯ ಗಟ್ಟಿ ಗೂಟಗಳಿಗೆ ಗಂಟು ಹಾಕಿದ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟಿರಬೇಕು. ಗಾಳಿ ತುಂಬಿದ ಹಳೆಯ ಟ್ರ್ಯಾಕ್ಟರ್ ಟ್ಯೂಬ್ ಒಂದಿರಬೇಕು, ಉದ್ದನೆಯ ಬೊಂಬು ಕೈಗೆ ಸಿಗುವಂತಿರಬೇಕು.

ಮೇಲೆತ್ತಿದ ಮಗುವಿಗೆ ಉಸಿರಿಲ್ಲದಿದ್ದರೆ ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಅದುಮುವುದು ಬೇಡ. ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆಯ ನಡುವೆ ಒತ್ತುತ್ತ ಹೋಗಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಮಾಯಕೊಂಡದಿಂದ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೋಗುವಷ್ಟು ಹೊತ್ತು ಮಗುವಿನ ಮಿದುಳು ಕಾಯುವುದಿಲ್ಲ, ಹೊಂಡದ ದಡದಲ್ಲೇ ಚಿಕಿತ್ಸೆ ಶುರುವಾಗಬೇಕು. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ನೀರಲ್ಲಿ ಮುಳುಗಿದ ಮಕ್ಕಳನ್ನು ಹೆತ್ತವರು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಜೀವ ಬರುತ್ತದೆಂದು ಕಾದರು. ಅವರನ್ನು ಜರೆಯಲು ಮನಸ್ಸು ಬಾರದು. ಸರಿಯಾದದ್ದನ್ನು ನಾವು ಮೊದಲೇ ಕಲಿಸಿರಲಿಲ್ಲ, ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಅವರಿಗೆ ಮೊದಲು ತಲುಪಿತ್ತು.

ತೆರೆದ ಕೊಳವೆಬಾವಿಗಳಿಗೆ ಮಕ್ಕಳು ಬೀಳುವುದನ್ನು ಕಂಡು ಸುಪ್ರೀಂ ಕೋರ್ಟ್ 2010ರ ಫೆಬ್ರುವರಿಯಲ್ಲಿ ಬೇಲಿ, ಮುಚ್ಚಳ, ಎಚ್ಚರಿಕೆ ಫಲಕದ ನಿಯಮ ವಿಧಿಸಿತು. ಅಂಥದೇ ಕಟ್ಟುನಿಟ್ಟು ಹೊಂಡಕ್ಕೂ ಬರಬೇಕು. ಹಾಳೆ ಹಾಸಿದ ಫೋಟೊ ನೋಡಿ ಬಿಲ್ಲು ಮಾಡುವ ಇಲಾಖೆ, ಬೇಲಿ ಸುತ್ತಿ ಬಂದು ಗೇಟಿನ ಚಿಲಕ ಎಳೆದು ನೋಡಿ, ಹಗ್ಗ ಜಗ್ಗಿ ನೋಡಿ ಕೊನೆಯ ಕಂತು ಬಿಡುಗಡೆ ಮಾಡಲಿ. ಸೈರನ್‌ಗೂ ಸಹಾಯಧನ ಕೊಡಲಿ.

ಅಲ್ಲಿಯವರೆಗೆ ಕಾಯುವುದೂ ಬೇಕಿಲ್ಲ. ಮುಂಗಾರಿಗೆ ಮುನ್ನ ಹೊಂಡ ಬರಿದಾಗಿರುವ ಹೊತ್ತಿನಲ್ಲೇ ಒಂದು ಭಾನುವಾರ ಹೊಲಕ್ಕೆ ಹೋಗಿ, ಮೂರು ವರ್ಷದ ಮಗುವಿನ ಎತ್ತರಕ್ಕೆ ಕುಕ್ಕುರುಗಾಲಲ್ಲಿ ಕುಳಿತು ಬೇಲಿಯ ಸುತ್ತ ಒಮ್ಮೆ ಕಣ್ಣಾಡಿಸಿ. ಎಲ್ಲೆಲ್ಲಿ ನುಸುಳಬಹುದು ಎಂಬುದು ಆಗ ಕಾಣುತ್ತದೆ. ಮಳೆ ಬರುವುದರೊಳಗೆ ಆ ಸಂದಿಗಳನ್ನು ಮುಚ್ಚಿ.