ಹೊಸ ತೆನೆ ಮನೆಗೆ ಬಂದಾಗ

ಸೆಪ್ಟೆಂಬರ್ 8ರ ಮುಂಜಾವು. ಇರುಳೆಲ್ಲ ಸುರಿದ ಮಳೆ ಗಳಿಗೆ ಹೊತ್ತು ಬಿಡುವು ಕೊಟ್ಟಿದೆ. ತೆಂಗಿನ ಗರಿಗಳಿಂದ ಹನಿ ತೊಟ್ಟಿಕ್ಕುತ್ತಿರುವಂತೆಯೇ ಗದ್ದೆಯ ಬದುಗಳ ಮೇಲೆ, ಕೆಂಪು ಮಣ್ಣಿನ ಓಣಿಗಳಲ್ಲಿ, ಪುಟ್ಟ ಪುಟ್ಟ ಬುಟ್ಟಿಗಳನ್ನು ಹಿಡಿದ ಮಕ್ಕಳು ಇಗರ್ಜಿಯತ್ತ ಸಾಗುತ್ತಿದ್ದಾರೆ. ಬುಟ್ಟಿಯಲ್ಲಿರುವುದು ಪೇಟೆಯಿಂದ ಕೊಂಡು ತಂದ ಹೂವಲ್ಲ. ದಾಸವಾಳ, ನಂದಿಬಟ್ಟಲು, ಡೇರೆ, ಬೇಲಿಯಂಚಿನಲ್ಲಿ ಅರಳಿದ ಹೆಸರಿಲ್ಲದ ಹೂವು, ಹೀಗೆ ಮನೆಯಂಗಳ ಕೊಟ್ಟದ್ದೆಲ್ಲವೂ ಅಲ್ಲಿದೆ. ಆಗಸ್ಟ್ 30ರಿಂದ ದಿನವೂ ಅವರು ಹೀಗೆಯೇ ಹೂ ಹೊತ್ತು ಬಂದು, ಹಾಡುತ್ತ, ಬಾಲೆ ಮರಿಯಮ್ಮನ ಪ್ರತಿಮೆಯ ಪಾದಕ್ಕೆ ಅರ್ಪಿಸಿ ಹೋಗಿದ್ದಾರೆ. ಒಂಬತ್ತು ದಿನಗಳ ಆ ಪ್ರಾರ್ಥನೆ ಮುಗಿದು ಇಂದು ಹಬ್ಬ ಬಂದಿದೆ.

ಕರಾವಳಿಯ ಕೊಂಕಣಿ ಕಥೋಲಿಕರು ಇದನ್ನು 'ಮೊಂತಿ ಫೆಸ್ತ್' ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದು ತೆನೆ ಹಬ್ಬ. ಲೋಕದ ಕಥೋಲಿಕರೆಲ್ಲರಿಗೂ ಆ ದಿನ ಕನ್ಯಾ ಮರಿಯಮ್ಮನ ಜನ್ಮದಿನವೇ ಸರಿ. ಆದರೆ ಈ ನೆಲದಲ್ಲಿ ಅದರೊಡನೆ ಹೊಸ ಬೆಳೆಯ ಸಂತಸವೂ ಕೂಡಿಕೊಂಡಿತು. ಮಂಗಳೂರಿನ ಬಳಿಯ ಫರಂಗಿಪೇಟೆಯ ಗುಡ್ಡದ ಮೇಲೆ ಮೊಂತೆ ಮರಿಯಾನೊ ಎಂಬ ಇಗರ್ಜಿಯಿತ್ತು. ಗೋವೆಯಿಂದ ಬಂದ ಜೋಕಿಂ ಮಿರಾಂದ ಎಂಬ ಪಾದ್ರಿಗಳು 1763ರ ಸುಮಾರಿಗೆ ಅಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದೂ, 'ಮೊಂತಿ' ಎಂಬ ಹೆಸರು ಆ ಗುಡ್ಡದಿಂದಲೇ ಬಂದಿತೆಂದೂ ಹೇಳುತ್ತಾರೆ. ನೆರೆಹೊರೆಯ ತುಳುವರು ಮನೆಯ ಕಂಬಕ್ಕೆ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಕಾಲವೂ ಹೆಚ್ಚುಕಡಿಮೆ ಇದೇ. ಒಂದೇ ಮಳೆ, ಒಂದೇ ಗದ್ದೆ. ಕೃತಜ್ಞತೆಯ ರೀತಿ ಮಾತ್ರ ಮನೆಮನೆಗೆ ಬೇರೆ.

ಪೂಜೆಗೆ ಮೊದಲು ಪಾದ್ರಿಗಳು ತೆನೆಯ ಕಟ್ಟುಗಳನ್ನು ಮಂತ್ರಿಸಿ ಹರಸುತ್ತಾರೆ. ಪೂಜೆ ಮುಗಿದ ಮೇಲೆ ಮನೆಗೊಂದರಂತೆ ತೆನೆ ದೊರೆಯುತ್ತದೆ. ಹೂ ತಂದ ಮಕ್ಕಳ ಕೈಗೆ ಕಬ್ಬಿನ ತುಂಡು ಬರುತ್ತದೆ. ಒಂಬತ್ತು ದಿನಗಳ ಭಕ್ತಿಯಲ್ಲಿ ಆ ಕಬ್ಬಿನ ಪಾಲೆಷ್ಟೆಂದು ಮಕ್ಕಳನ್ನೇ ಕೇಳಬೇಕು!

ಬಾಳೆಲೆಯ ಸುತ್ತ

ಮನೆಗೆ ಬಂದ ತೆನೆಯನ್ನು ದೇವರ ಪೀಠದ ಮುಂದಿರಿಸಿ ದೀಪ ಹಚ್ಚುತ್ತಾರೆ. ಮನೆಯ ಹಿರಿಯರು ಪ್ರಾರ್ಥಿಸಿ, ಕೆಲವು ಕಾಳುಗಳ ಸಿಪ್ಪೆ ಸುಲಿದು, ಅಕ್ಕಿಯನ್ನು ಪುಡಿಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸುತ್ತಾರೆ. ಅದು ಎಲ್ಲರ ಬಾಯಿಗೂ ಒಂದೊಂದು ಚಮಚದಷ್ಟು ಬರುತ್ತದೆ. ಆ ಬಳಿಕವೇ ಊಟ. ಮೀನು ಮಾಂಸಗಳಿಗೆ ಆ ದಿನ ಅಡುಗೆಮನೆಯಲ್ಲಿ ಪ್ರವೇಶವಿಲ್ಲ. ಬಾಳೆಲೆಯ ಮೇಲೆ ಕೆಸುವಿನ ದಂಟು, ಬೆಂಡೆ, ಹೀರೆ, ಅಲಸಂಡೆ, ಸೌತೆ ಮೊದಲಾದ ಮಳೆಗಾಲದ ಹಿತ್ತಿಲ ಕಾಯಿಪಲ್ಲೆಗಳ ಪದಾರ್ಥಗಳು ಬಡಿಸಲ್ಪಡುತ್ತವೆ. ಅವುಗಳ ಸಂಖ್ಯೆ ಐದು, ಏಳು, ಒಂಬತ್ತು ಎಂದು ಬೆಸವಾಗಿಯೇ ಇರಬೇಕೆಂಬುದು ಹಿರಿಯರ ಕಟ್ಟಳೆ.

ಇದರಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲವೆಂಬುದನ್ನು ಗಮನಿಸಬೇಕು. ಅಕ್ಕಿ, ಸೊಪ್ಪು, ಹೂವು, ಮಳೆನೀರು ಇವೆಲ್ಲ ನಿತ್ಯವೂ ಕಣ್ಣೆದುರಿಗಿದ್ದು, ನಿತ್ಯವೂ ಇರುವುದರಿಂದಲೇ ಲೆಕ್ಕಕ್ಕೆ ಬಾರದೆ ಹೋಗುವಂತಹವು. ಒಂದು ಚಮಚ ಹೊಸ ಅಕ್ಕಿಗಾಗಿ ಇಡೀ ಕುಟುಂಬ ಕೈಮುಗಿದು ಕಾದು ನಿಂತಾಗ ಅನ್ನದ ನಿಜವಾದ ತೂಕ ಮನಸ್ಸಿಗೆ ತಿಳಿಯುತ್ತದೆ.

ಈ ಅರಿವು ವರ್ಷಕ್ಕೊಮ್ಮೆ ಬಂದು ಹೋಗುವುದಲ್ಲ. ಸಂಜೆ ಇಗರ್ಜಿಯ ಗಂಟೆ ಕೇಳಿಸಿದಾಗ ಹಳೆಯ ಮನೆಗಳಲ್ಲಿ ಕೆಲಸಗಳು ನಿಲ್ಲುತ್ತಿದ್ದವು; ದೀಪದ ಮುಂದೆ ಮಂಡಿಯೂರಿ ಎಲ್ಲರೂ ಜಪಮಾಲೆಯ ಪ್ರಾರ್ಥನೆಯಾದ 'ತೆರ್ಸ್' ಹೇಳುತ್ತಿದ್ದರು. ಇಂದಿಗೂ ಅನೇಕ ಮನೆಗಳಲ್ಲಿ ಈ ವಾಡಿಕೆ ಉಳಿದಿದೆ. ಜಪ ಮುಗಿದೊಡನೆ ಮಕ್ಕಳು ಹಿರಿಯರೊಬ್ಬೊಬ್ಬರ ಮುಂದೆಯೂ ಕೈಜೋಡಿಸಿ 'ಬೆಸಾಂವ್' ಬೇಡುತ್ತಾರೆ. ಪೋರ್ಚುಗೀಸ್ ಭಾಷೆಯಿಂದ ಬಂದ ಈ ಶಬ್ದಕ್ಕೆ ಆಶೀರ್ವಾದವೆಂದೇ ಅರ್ಥ. ಹಗಲಿನಲ್ಲಿ ಬೈಗಳು ತಿಂದ ಮಗುವೂ ಬೈದ ತಾಯಿಯೂ ಆ ಒಂದು ನಿಮಿಷದಲ್ಲಿ ರಾಜಿಯಾಗಿಬಿಡುತ್ತಾರೆ. ಆಶೀರ್ವಾದವನ್ನು ದಿನದಿನವೂ ಕೇಳಿ ಪಡೆಯಬೇಕು ಎಂಬ ಪಾಠ ಮಗುವಿಗೆ ಮಾತಿಲ್ಲದೆಯೇ ತಿಳಿಯುತ್ತದೆ.

ಕೊಂಕಣಿಯಲ್ಲಿ ಕೃತಜ್ಞತೆ ಸೂಚಿಸುವ ನುಡಿಯೂ ಅರ್ಥಪೂರ್ಣವಾದದ್ದು. 'ದೇವ್ ಬರೆಂ ಕರುಂ', ಅಂದರೆ ದೇವರು ನಿನಗೆ ಒಳಿತು ಮಾಡಲಿ ಎಂದು. ಉಪಕಾರವನ್ನು ತೀರಿಸಲು ತನ್ನಿಂದ ಸಾಧ್ಯವಿಲ್ಲ, ಆ ಲೆಕ್ಕವನ್ನು ದೇವರೇ ನೋಡಿಕೊಳ್ಳಲಿ ಎಂಬ ವಿನಯ ಅದರಲ್ಲಿದೆ. ಬಾವಿಯಿಂದ ಒಂದು ಕೊಡ ನೀರು ಸೇದಿಕೊಟ್ಟವನಿಗೂ ಸಲ್ಲುವುದು ಇದೇ ಹರಕೆ.

ಕಳೆದುಕೊಂಡವರ ಕೃತಜ್ಞತೆ

ಈ ಸಮುದಾಯ ಸಾಮಾನ್ಯ ದಿನವೊಂದನ್ನು ಇಷ್ಟು ದೊಡ್ಡದಾಗಿ ಕಾಣುವುದಕ್ಕೆ ಅದರ ಚರಿತ್ರೆಯಲ್ಲಿಯೂ ಕಾರಣವಿದೆ. ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಇಗರ್ಜಿ ಸ್ಥಾಪನೆಯಾದದ್ದು 1678ರಲ್ಲಿ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ 1759ರದು. ಹೀಗೆ ಬೇರೂರಿದ್ದ ಜನರನ್ನು 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಬಹುತೇಕ ಇಗರ್ಜಿಗಳು ನೆಲಸಮವಾದವು. ಸಾವಿರಾರು ಜನ ದಾರಿಯಲ್ಲಿಯೂ ಸೆರೆಯಲ್ಲಿಯೂ ಅಳಿದರು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಬದುಕುಳಿದವರು ಹಿಂತಿರುಗಿದಾಗ ಮನೆ ಮಠಗಳಿರಲಿಲ್ಲ, ಗದ್ದೆಗಳು ಪರರ ಪಾಲಾಗಿದ್ದವು. ಹದಿನೈದು ವರ್ಷ ತಮ್ಮ ಗದ್ದೆಯ ತೆನೆಯನ್ನು ಕಾಣದವರಿಗೆ ಮತ್ತೆ ದೊರೆತ ಮೊದಲ ಬೆಳೆ ಏನಾಗಿ ಕಂಡಿರಬೇಕು!

ಆ ಕಾಲದ ನೆನಪನ್ನು ಅತ್ತೂರಿನ ಕಥೆಯೊಂದು ಉಳಿಸಿಕೊಂಡಿದೆ. ಮರಳಿ ಬಂದ ಜನ ಇಗರ್ಜಿಗೆ ಸ್ಥಳ ಹುಡುಕುತ್ತಿದ್ದರಂತೆ. ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆಯನ್ನು ಹೊತ್ತಿದ್ದ ಪಾದ್ರಿಗಳು ಬಾಯಾರಿ, ಪ್ರತಿಮೆಯನ್ನು ಕೆಳಗಿರಿಸಿ ಒಂದು ಒರತೆಯಲ್ಲಿ ನೀರು ಕುಡಿದರು. ಮತ್ತೆ ಎತ್ತಲು ಹೋದಾಗ ಅದು ಅಲುಗಲಿಲ್ಲ. ಅಲ್ಲಿಯೇ ದೇವಾಲಯವೆದ್ದಿತು ಎಂಬುದು ಜನರ ನಂಬಿಕೆ. ಈ ಕಥೆಯ ನಡುವೆ ಇರುವುದು ಬಾಯಾರಿದವನಿಗೆ ಸಿಕ್ಕ ಬೊಗಸೆ ನೀರು ಎಂಬುದನ್ನು ಮರೆಯಲಾಗದು.

ಇಂದಿಗೂ ಜನವರಿಯಲ್ಲಿ ನಡೆಯುವ ಅತ್ತೂರು ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ. 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಕಾರ್ಕಳಕ್ಕೆ ಭಕ್ತರ ನೂಕುನುಗ್ಗಲು ಹೊಸದಲ್ಲ. ಆದರೆ ಇಲ್ಲಿ ಮೊಂಬತ್ತಿ ಹಚ್ಚುವವರಲ್ಲಿ ಕ್ರೈಸ್ತರೆಷ್ಟೋ ಹಿಂದೂಗಳೂ ಅಷ್ಟೇ, ಮುಸಲ್ಮಾನರೂ ಇದ್ದಾರೆ. ಮಗುವಿನ ಜ್ವರ ಇಳಿದುದಕ್ಕೆ, ಹಸು ಕರು ಹಾಕಿದುದಕ್ಕೆ, ದೂರದ ಮಗ ಕ್ಷೇಮವಾಗಿರುವುದಕ್ಕೆ ಹೊತ್ತ ಹರಕೆಗಳು ಅಲ್ಲಿ ಸಾಲು ಸಾಲಾಗಿ ಉರಿಯುತ್ತವೆ. 2016ರಲ್ಲಿ ಈ ಇಗರ್ಜಿಗೆ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಬಸಿಲಿಕದ ಪದವಿ ದೊರೆಯಿತು. ಅದಕ್ಕೂ ಮೊದಲೇ, 2012ರಲ್ಲಿ, ಉಡುಪಿ ಪ್ರತ್ಯೇಕ ಧರ್ಮಪ್ರಾಂತವಾಗಿ, ಕಲ್ಯಾಣಪುರದ ಮಿಲಾಗ್ರಿಸ್ ಅದರ ಪ್ರಧಾನ ದೇವಾಲಯವಾಯಿತು.

ದಿನದ ಹೂವು, ದಿನದ ಅನ್ನ

ಜಾತ್ರೆಯ ಹರಕೆ ವರ್ಷಕ್ಕೊಮ್ಮೆಯದಾದರೆ, ದಿನದ ಅನ್ನವನ್ನು ದಿನವೇ ಬೇಡುವ ಪ್ರಾರ್ಥನೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ಕಾಪು ತಾಲೂಕಿನ ಶಂಕರಪುರಕ್ಕೆ ಹೋಗಬೇಕು. ಉಡುಪಿ ಮಲ್ಲಿಗೆಯೆಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೂವಿನ ತವರು ಅದು. ಅಲ್ಲಿ ಕ್ರೈಸ್ತರ ಮನೆಯಾಗಲಿ ಹಿಂದೂಗಳ ಮನೆಯಾಗಲಿ, ಅಂಗಳದಲ್ಲಿ ಮಲ್ಲಿಗೆ ಗಿಡಗಳು ಇದ್ದೇ ಇರುತ್ತವೆ. ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಿ, ಮನೆಮಂದಿಯೆಲ್ಲ ಕುಳಿತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸುಮಾರು 800 ಹೂಗಳಿಗೆ ಒಂದು ಚೆಂಡು. 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನಕ್ಕೊಂದು. ಮದುವೆಯ ಕಾಲದಲ್ಲಿ ಏರಿ, ಮರುವಾರ ಇಳಿದುಬಿಡುತ್ತದೆ. ನಿನ್ನೆಯ ಹೂವನ್ನು ಇಂದು ಮಾರುವಂತಿಲ್ಲ, ಇಂದಿನದನ್ನು ನಾಳೆಗಿಡುವಂತಿಲ್ಲ.

2020ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದಿಂದ ದೇಶವೇ ಬಾಗಿಲು ಹಾಕಿದಾಗ ಮಲ್ಲಿಗೆಯ ಕಟ್ಟೆಯೂ ಮುಚ್ಚಿತು, ಇಗರ್ಜಿಗಳೂ ಮುಚ್ಚಿದವು. ಗಿಡಗಳಿಗೆ ಮಾತ್ರ ಯಾವ ಆಜ್ಞೆಯೂ ತಲುಪಲಿಲ್ಲ. ಕೊಳ್ಳುವವರಿಲ್ಲದ ಹೂವು ಅಂಗಳದಲ್ಲಿಯೇ ಅರಳಿ ಬಾಡಿತು. ಪೇಟೆಗೆ ಹೂ ಕಳಿಸುವುದು, ಭಾನುವಾರ ನೆರೆಯವರೊಡನೆ ಒಂದೇ ಬೆಂಚಿನಲ್ಲಿ ಕೂರುವುದು, ಇವೆಲ್ಲ ಎಂತಹ ಭಾಗ್ಯವಾಗಿದ್ದವೆಂಬುದು ಅವು ಇಲ್ಲದಾದಾಗ ಎಲ್ಲರಿಗೂ ಅರಿವಾಯಿತು.

ಹೊಲವಿಲ್ಲದವರ ಬೆಳೆ ಹಬ್ಬ

ಇದೇ ಸೀಮೆಯ ಪ್ರಾಟೆಸ್ಟಂಟ್ ಸಭೆಗಳಿಗೆ ಬೆಳೆ ಹಬ್ಬವೆಂಬ ಮತ್ತೊಂದು ಬಗೆಯ ಕೃತಜ್ಞತೆಯುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಉಡುಪಿ, ಮಲ್ಪೆಗಳಿಗೂ ಹಬ್ಬಿತು. ಕ್ರೈಸ್ತ ಮತವನ್ನು ಅವಲಂಬಿಸಿದವರಲ್ಲಿ ಅನೇಕರಿಗೆ ಕುಟುಂಬದ ಆಸರೆಯೂ ಭೂಮಿಯೂ ತಪ್ಪಿಹೋಯಿತು. ಅವರಿಗೆ ಜೀವನೋಪಾಯವಾಗಲೆಂದು ನೇಯ್ಗೆಯ ಶಾಲೆ, ಹೆಂಚಿನ ಕಾರ್ಖಾನೆಗಳು ಎದ್ದವು. ಮಲ್ಪೆಯ ಹೆಂಚಿನ ಕಾರ್ಖಾನೆ 1886ರದು. ಹೆಂಚು ಸುಡುವವನಿಗೆ, ಮಗ್ಗದ ಮುಂದೆ ಕುಳಿತವನಿಗೆ ಸ್ವಂತ ಹೊಲವೆಲ್ಲಿಂದ ಬರಬೇಕು? ಆದರೂ ಸಭೆಯಲ್ಲಿ ಬೆಳೆ ಹಬ್ಬ ನಡೆಯಿತು; ಈಗಲೂ ನಡೆಯುತ್ತದೆ.

ಆ ಭಾನುವಾರ ವೇದಿಕೆಯ ಮುಂದೆ ತೆಂಗಿನಕಾಯಿ, ಬಾಳೆಗೊನೆ, ಕುಂಬಳ, ಮೊಟ್ಟೆ, ಕೂಗುವ ಕೋಳಿ, ಮನೆಯಲ್ಲಿ ಬೇಯಿಸಿದ ಕೇಕು ಎಲ್ಲವೂ ಒಟ್ಟುಗೂಡುತ್ತವೆ. ಆರಾಧನೆ ಮುಗಿದ ಬಳಿಕ ಅಂಗಳದಲ್ಲಿ ಏಲಂ. ಬಡವಿಯೊಬ್ಬಳು ತಂದ ಸೋರೆಕಾಯಿಗೆ ಹತ್ತು ಪಟ್ಟು ಬೆಲೆ ಕೂಗಿ ಕೊಂಡು, ಅದನ್ನೇ ಮತ್ತೆ ಏಲಕ್ಕೆ ಒಪ್ಪಿಸಿಬಿಡುವವರೂ ಇದ್ದಾರೆ. ನಗೆ, ಚೇಷ್ಟೆ, ಪೈಪೋಟಿಗಳ ನಡುವೆ ಹಣ ಸಭೆಯ ಕಾರ್ಯಕ್ಕೆ ಸೇರುತ್ತದೆ. ದುಡಿಯುವ ಕೈಯೇ ತನ್ನ ಹೊಲ, ಆ ಕೈಯ ಫಲವೇ ತನ್ನ ತೆನೆ ಎಂದು ಹೊಲವಿಲ್ಲದವನೂ ದೇವರ ಮುಂದೆ ನಿಲ್ಲಬಹುದೆಂದು ಈ ಹಬ್ಬ ಕಲಿಸಿತು.

ಕೃತಜ್ಞತೆ ಸೇವೆಯಾಗಿಯೂ ಹರಿಯಿತು. ಸ್ವಿಟ್ಜರ್ಲೆಂಡಿನ ವೈದ್ಯೆ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಮಿಶನ್ ಆಸ್ಪತ್ರೆ ಆಕೆಯ ಹೆಸರಿನಲ್ಲಿಯೇ 2023ರಲ್ಲಿ ನೂರು ತುಂಬಿಸಿತು. ಸುಖವಾಗಿ ಹೆರಿಗೆಯಾಗಿ ತಾಯಿ ಮಗು ಇಬ್ಬರೂ ಮನೆಗೆ ಮರಳುವುದು ಇಂದು ಸಾಮಾನ್ಯ ಸಂಗತಿ. ಅದು ಸಾಮಾನ್ಯವಾಗಲು ಎಷ್ಟು ಜನರ ಬಾಳು ಸವೆಯಬೇಕಾಯಿತು!

ಗದ್ದೆ ಹಡಿಲಾದರೆ?

ಈಗ ಒಂದು ಕಠಿಣವಾದ ಪ್ರಶ್ನೆ ಎದುರಾಗಿದೆ. ತೆನೆ ಹಬ್ಬಕ್ಕೆ ತೆನೆ ಎಲ್ಲಿಂದ? ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಗದ್ದೆಗಳಲ್ಲಿ ಎಷ್ಟೋ ಹಡಿಲು ಬಿದ್ದಿವೆ. ಕೆಲವು ತೋಟಗಳಾಗಿವೆ, ಕೆಲವು ಬಡಾವಣೆಗಳಾಗಿವೆ. ಹಡಿಲು ಭೂಮಿಯನ್ನು ಮತ್ತೆ ಉಳುವ ಆಂದೋಲನವೇ 2021ರಲ್ಲಿ ಉಡುಪಿಯಲ್ಲಿ ನಡೆಯಬೇಕಾಯಿತು. 1953ರಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೆ ಬೋಳುಗುಡ್ಡದಿಂದ ನಗರವಾಗಿ ಬೆಳೆದ ಮಣಿಪಾಲದಲ್ಲಿ ತೆನೆ ಬೇಕೆಂದರೆ ಹಳ್ಳಿಯತ್ತ ನೋಡಬೇಕು. ಮನೆಗಳೂ ಬದಲಾಗಿವೆ. ಮಕ್ಕಳು ಮುಂಬಯಿಗೆ, ಕೊಲ್ಲಿ ನಾಡುಗಳಿಗೆ, ಕೆನಡಕ್ಕೆ ಹೋಗಿದ್ದಾರೆ. ಹನ್ನೆರಡು ಎಲೆ ಹಾಕುತ್ತಿದ್ದ ಪಡಸಾಲೆಯಲ್ಲಿ ಇಂದು ಎರಡೇ ಎಲೆ. ಸಂಜೆಯ ಬೆಸಾಂವ್ ಬೇಡುವ ಮಗು ದೂರವಾಣಿಯ ಪರದೆಯಲ್ಲಿದೆ.

ಹಾಗಾದರೆ ಹಬ್ಬ ಬರಿಯ ನೆನಪಾಗಿ ಉಳಿಯುವುದೆ? ಒಂದು ವಾಡಿಕೆ ಇದಕ್ಕೆ ಉತ್ತರ ಹೇಳುತ್ತದೆ. ಮಂತ್ರಿಸಿದ ತೆನೆಯ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಚಿ, ಲಕೋಟೆಯಲ್ಲಿರಿಸಿ, ದೂರದ ಮಕ್ಕಳಿಗೆ ಕಳಿಸುವ ತಾಯಂದಿರಿದ್ದಾರೆ. ಮರಳುಗಾಡಿನ ಊರಿನ ಹತ್ತನೆಯ ಮಹಡಿಯ ಅಡುಗೆಮನೆಯಲ್ಲಿ ಆ ಕಾಳು ಪುಡಿಯಾಗಿ ಪಾಯಸಕ್ಕೆ ಬೀಳುತ್ತದೆ. ಅದರಿಂದ ಹೊಟ್ಟೆ ತುಂಬುವುದಿಲ್ಲ. ಅನ್ನ ಎಲ್ಲಿಂದ ಬರುತ್ತದೆ, ಯಾರ ಬೆವರಿನಿಂದ, ಯಾರ ದಯೆಯಿಂದ ಬರುತ್ತದೆ ಎಂಬ ಅರಿವು ಮಾತ್ರ ಆ ಮನೆಗೂ ತಲುಪುತ್ತದೆ. ಹಾಗೆಂದು ಗದ್ದೆಯನ್ನು ಬಿಟ್ಟುಕೊಡಬಹುದೆಂದಲ್ಲ. ಲಕೋಟೆಗೆ ಹಾಕಲಾದರೂ ಊರಿನಲ್ಲಿ ನಾಲ್ಕು ಕಾಳು ಬೆಳೆಯಬೇಕು. ಪಡೆದದ್ದಕ್ಕೆ ಕೈಮುಗಿಯುವವನು ಅದನ್ನು ಉಳಿಸುವ ಹೊಣೆಯನ್ನೂ ಹೊರಬೇಕಾಗುತ್ತದೆ.

ಮಧ್ಯಾಹ್ನ ಊಟವಾಗಿ ಎಲೆ ಎತ್ತಿದ್ದಾಯಿತು. ಹೊರಗೆ ಮತ್ತೆ ಮಳೆ ಹಿಡಿದಿದೆ. ಉಳಿದ ತೆನೆಯನ್ನು ಮನೆಯೊಡತಿ ದೇವರ ಪೀಠದ ಪಕ್ಕಕ್ಕೆ ಸಿಕ್ಕಿಸುತ್ತಾಳೆ; ಮುಂದಿನ ವರ್ಷದ ತೆನೆ ಬರುವವರೆಗೆ ಅದು ಅಲ್ಲಿಯೇ ಒಣಗಿ ನಿಂತಿರುತ್ತದೆ. ನಿತ್ಯ ಸಂಜೆ ದೀಪ ಹಚ್ಚುವಾಗ ಅದು ಕಣ್ಣಿಗೆ ಬೀಳುತ್ತದೆ. ಇಂದೂ ಅನ್ನ ಸಿಕ್ಕಿತು, ದೇವ್ ಬರೆಂ ಕರುಂ.