ಅಗ್ಗದ ರೋಮನ್ ನಾಣ್ಯ ಗುರುತಿಸೋದು ಹೇಗೆ?

ರೋಮನ್ ನಾಣ್ಯ ಅಂದ್ರೆ ಲಕ್ಷಗಟ್ಟಲೆ ಬೆಲೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಚಿನ್ನದ್ದಕ್ಕೆ ಅದು ನಿಜ. ಆದ್ರೆ 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಮತ್ತವನ ಮಕ್ಕಳು ರಾಶಿ ರಾಶಿ ಟಂಕಿಸಿದ ಪುಟ್ಟ ತಾಮ್ರದ ಕಾಸುಗಳು ಇವತ್ತಿಗೂ ಅಗ್ಗ.

ಗುರುತಿಸೋಕೆ ಮೂರು ಕಡೆ ನೋಡಿ.

1. ಮುಖದ ಸುತ್ತಲಿನ ಅಕ್ಷರ. ‘ಡಿ ಎನ್’ ಅಂದ್ರೆ ಲ್ಯಾಟಿನ್‌ನಲ್ಲಿ ‘ನಮ್ಮ ಒಡೆಯ’; ಅದರ ಮುಂದೆ ದೊರೆಯ ಹೆಸರು ಬರುತ್ತೆ.

2. ಹಿಂಬದಿಯ ಚಿತ್ರ. ಇಬ್ಬರು ಸೈನಿಕರ ನಡುವೆ ಎರಡು ಧ್ವಜ ಇದ್ರೆ ಸುಮಾರು 330–335, ಒಂದೇ ಇದ್ರೆ 335–341. ಕುದುರೆಯಿಂದ ಬೀಳ್ತಿರೋ ಶತ್ರುವನ್ನ ಸೈನಿಕ ಈಟಿಯಿಂದ ತಿವೀತಿದ್ರೆ 348ರ ನಂತರದ್ದು.

3. ಚಿತ್ರದ ಕೆಳಗಿನ ಟಂಕಸಾಲೆ ಗುರುತು. ‘ಎ ಎನ್ ಟಿ’ ಆಂಟಿಯೋಕ್, ‘ಎ ಎಲ್ ಇ’ ಅಲೆಕ್ಸಾಂಡ್ರಿಯಾ.

ಹೆಸರು ಪೂರ್ತಿ ಸವೆದಿದ್ರೂ ಚಿತ್ರ ಉಳಿದಿದ್ರೆ ಕಾಲ ಹೇಳಬಹುದು. ಅದಕ್ಕೇ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕಿಲುಬಿನ ಜೊತೆ ಚಿತ್ರವೂ ಹೋಗುತ್ತೆ.

ನಾನಿರೋ ವೇಲಚೇರಿಯಿಂದ ಎಗ್ಮೋರ್ ಮ್ಯೂಸಿಯಂ ದೂರವಿಲ್ಲ. ಅದರ ಸಂಗ್ರಹದಲ್ಲಿ ರೋಮನ್ ನಾಣ್ಯಗಳಿವೆ. ತಮಿಳುನಾಡಿನ ಕರೂರು, ಮಧುರೈನಲ್ಲಿ ಇಂಥ ಕಾಸುಗಳು ಸಿಕ್ಕಿವೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದ್ದು ಇನ್ನೂ ಹಳೇದು, ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ, ಜೊತೆಗಿದ್ದ ಮಡಕೆ ಚೂರುಗಳ ಕಾಲ ತಿಳಿಯೋಕೆ ರೋಮನ್ ನಾಣ್ಯವೇ ಆಧಾರ ಆಯ್ತು. ಅದೇ ನಾಣ್ಯ ಮಣ್ಣಿಂದ ಕಿತ್ತು ಯಾರದೋ ಚೀಲ ಸೇರಿದ್ರೆ ಆ ಸಾಕ್ಷಿ ಅಲ್ಲಿಗೆ ಮುಗೀತು.

ಹಾಗಾಗಿ ಕೊಳ್ಳೋ ಮೊದಲು ‘ಎಲ್ಲಿಂದ ಬಂತು?’ ಅಂತ ಕೇಳಿ. ನೆಲದಲ್ಲಿ ನಿಮಗೇ ಸಿಕ್ರೆ, 1878ರ ನಿಧಿ ಕಾಯ್ದೆ ಪ್ರಕಾರ 10 ರೂಪಾಯಿಗಿಂತ ಹೆಚ್ಚು ಬೆಲೆಯದ್ದನ್ನ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.